ಒಲೆಯ ಮೇಲಿನ ನೀರು

ಆ ಚಳಿಗಾಲವಿಡೀ ಸರ್ದಾರ್ ತನ್ನ ಬಾಡಿಗೆ ಮನೆಯಲ್ಲಿ ಹೀಟರ್ ಹಾಕಲಿಲ್ಲ. ಬಿಸಿನೀರಿನ ಕೊಳವೆಯಿಂದ ಕಾಯುವ ಪ್ರತಿ ಹೀಟರಿಗೂ ಒಂದು ಸಣ್ಣ ಗಾಜಿನ ನಳಿಕೆ ಅಂಟಿಸಿದ್ದರು. ಹೀಟರ್ ಬಿಸಿಯಾದಷ್ಟೂ ಅದರೊಳಗಿನ ದ್ರವ ಇಂಗುತ್ತಿತ್ತು, ವರ್ಷಕ್ಕೊಮ್ಮೆ ಯಾರೋ ಬಂದು ಅದನ್ನು ನೋಡಿ ಬಿಲ್ಲು ಮಾಡುತ್ತಿದ್ದರು. ಕರೆಂಟು ಹಾಗಲ್ಲ, ಬಾಡಿಗೆಯಲ್ಲೇ ಸೇರಿತ್ತು. ಇದರ ಲಾಭ ಮೊದಲು ಹೊಳೆದದ್ದು ನೆಲ್ಸನ್‌ಗೆ. ನೆಲ್ಸನ್ ಮಂಗಳೂರಿನವನು. ಜರ್ಮನಿಯ ಸ್ಟುಟ್‌ಗಾರ್ಟಿನ ಆ ಎರಡು ಕೋಣೆಗಳಲ್ಲಿ ಒಂದರಲ್ಲಿ ಇದ್ದ. ಬೆಳಿಗ್ಗೆ ಇಬ್ಬರೂ ಒಂದೇ ರೈಲಿನಲ್ಲಿ ಸಿಂಡೆಲ್‌ಫಿಂಗೆನ್ನಿನ ಕೆಲಸಕ್ಕೆ ಹೋಗುತ್ತಿದ್ದರು.

"ಒಲೆ ಕರೆಂಟಿಂದು ಅಲ್ವಾ ಮಾರಾಯ," ಎಂದಿದ್ದ ನೆಲ್ಸನ್. "ದೊಡ್ಡ ಪಾತ್ರೆಯಲ್ಲಿ ನೀರು ಕುದಿಸುವ. ಮುಚ್ಚಳ ಹಾಕುದು ಬೇಡ. ಮನೆ ಬೆಚ್ಚಗಾಗ್ತದೆ."

"ಇದು ಜರ್ಮನ್ ಮಂದಿಗೆ ಹೊಳದಿಲ್ಲೇನಲೇ?"

"ಅವರು ಮ್ಯಾನುವಲ್ ಓದದೆ ನೀರೂ ಕುದಿಸುದಿಲ್ಲ ಗುರು."

ಕಿಟಕಿಯ ಸಂದಿಗಳಿಗೆ ಹಳೆಯ ಪೇಪರ್ ತುರುಕಿದರು. ಒಗೆದ ಬಟ್ಟೆಯನ್ನು ಒಳಗೇ ಹಗ್ಗಕ್ಕೆ ಹಾಕಿದರು. ಕೆಲಸದಿಂದ ಬಂದ ಕೂಡಲೇ ಒಲೆಯ ಮೇಲೆ ನೀರು ಇಡುತ್ತಿದ್ದರು. ರೆನ್ನಿಂಗೆನ್ನಿನಲ್ಲಿದ್ದ ಗೆಳೆಯ ಗ್ಲೆನ್ ಬಂದು ನೋಡಿ, ತಾನೂ ಒಂದು ದೊಡ್ಡ ಪಾತ್ರೆ ಕೊಂಡ.

ಮಾರ್ಕಿನ ನೋಟು ಹೋಗಿ ಯೂರೋ ಬಂದ ವರ್ಷ ಅದು. ಅಂಗಡಿಯ ಚೀಟಿಯಲ್ಲಿ ಅಂಕಿಗಳು ಚಿಕ್ಕವಾಗಿದ್ದವು, ಜೇಬು ಮಾತ್ರ ಮೊದಲಿಗಿಂತ ಬೇಗ ಖಾಲಿಯಾಗುತ್ತಿತ್ತು. ಬಂದ ಹೊಸದರಲ್ಲಿ ಸರ್ದಾರ್ ಪ್ರತಿಯೊಂದನ್ನೂ ರೂಪಾಯಿಗೆ ತಿರುಗಿಸಿ ನೋಡುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ನೋಡುತ್ತಿದ್ದ, ಕೊಳ್ಳುತ್ತಿರಲಿಲ್ಲ, ಮುಂದೆ ನಡೆಯುತ್ತಿದ್ದ. ಕ್ಯಾಂಟೀನಿನ ಕಾಫಿ ಬಿಟ್ಟ. ನೆಲ್ಸನ್ ಅಡುಗೆಮನೆಯ ಕತ್ತರಿಯಿಂದ ಅವನ ಕೂದಲು ಕತ್ತರಿಸುತ್ತಿದ್ದ. ಇದರಿಂದ ಅವನಿಗೆ ಬೇಸರವೇನೂ ಆಗುತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ.

ಇದೆಲ್ಲ ಹೆಂಡತಿ ರಫಿಯಾ, ಮಗಳು ಇಫ್ರಾ ಬರಲಿ ಎಂದು. ಏಪ್ರಿಲಿಗೆ ಅವರು ವಿಜಯಪುರದಿಂದ ಬರಬೇಕು, ನೆಲ್ಸನ್ ಗ್ಲೆನ್‌ನ ಮನೆಗೆ ಹೋಗಬೇಕು, ಈ ಮನೆ ಮೂವರದಾಗಬೇಕು. ಟಿಕೆಟ್ಟಿನ ಹಣ ಜಮೆಯಾಗಿತ್ತು. ಹೆಂಡತಿ ಮಗು ಇಲ್ಲಿ ವಾಸ ಮಾಡಬಹುದೆಂದು ಮನೆಯೊಡತಿ ಬರೆದು ಸಹಿ ಹಾಕಿದರೆ ವೀಸಾ ಸಿಗುತ್ತಿತ್ತು. ಉಳಿದದ್ದು ಅದೊಂದೇ.

ಮಾರ್ಚಿನ ಒಂದು ಶನಿವಾರ ಮನೆಯೊಡತಿ ಫ್ರೌ ಹೇಬರ್ಲೆ ಬಂದಳು. ಕೈಯಲ್ಲಿ ಒಂದು ಬಾಟಲಿ ಜಾಮ್. ಮಗುವಿಗೆ, ಎಂದಳು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತು ಮೂಗು ಎಳೆದಳು. ಹೀಟರಿನ ಮೇಲೆ ಕೈಯಿಟ್ಟಳು, ಬಗ್ಗಿ ನಳಿಕೆಯನ್ನು ನೋಡಿದಳು. ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ನೋಡಿ ಗುಂಡಿ ತಿರುಗಿಸಿ ಆರಿಸಿದಳು. ನಂತರ ಬಟ್ಟೆಯ ಬೀರುವನ್ನು ತಾನೇ ಎಳೆದಳು. ಹಿಂದಿನ ಗೋಡೆ ನೆಲದಿಂದ ಎದೆಮಟ್ಟದವರೆಗೆ ಕಪ್ಪಗಾಗಿತ್ತು.

"ಶಿಮ್ಮೆಲ್," ಎಂದಳು.

"ಏನಲೇ ಅದು?" ಸರ್ದಾರ್ ನೆಲ್ಸನ್‌ನನ್ನು ಕೇಳಿದ.

"ಬೂಷ್ಟು. ನಮ್ಮಲ್ಲಿ ಮಳೆಗಾಲದಲ್ಲಿ ಬೆಲ್ಟಿಗೆಲ್ಲ ಹಿಡೀತದೆ."

"ಗೋಡಿಗೆ?"

ಅವಳು ಮಾತಾಡುತ್ತಲೇ ಇದ್ದಳು, ದನಿ ಏರಿಸದೆ. ನೆಲ್ಸನ್ ಅದನ್ನು ತುಂಡು ತುಂಡಾಗಿ ಕನ್ನಡದಲ್ಲಿ ಹೇಳಿದ.

"ಕಿಟಕಿ ತೆಗೀಲಿಲ್ವಾ ಕೇಳ್ತಾಳೆ."

"ಚಳಿ ಒಳಗ ಬರ್ತೈತಿ ಅನ್ನು."

"ಆ ಹಬೆಯೆಲ್ಲ ತಣ್ಣಗಿನ ಗೋಡೆಯಲ್ಲಿ ಕೂತಿದೆಯಂತೆ. ಪೂರ್ತಿ ಕೆತ್ತಬೇಕಂತೆ, ಒಣಗಬೇಕಂತೆ. ಬೇಸಿಗೆ ಕಳೀಬೇಕು. ಖರ್ಚು ನಮ್ಮ ಡಿಪಾಸಿಟ್ಟಿಂದ."

"ಡಿಪಾಸಿಟ್ ಸಾಕಾಗ್ತೈತೇನು?"

"ಸಾಕಾಗುದಿಲ್ಲಂತೆ."

"ಸಹಿ?"

ನೆಲ್ಸನ್ ಕೇಳಿದ. ಅವಳು ಸರ್ದಾರನ ಮುಖ ನೋಡಿ, ನಿಧಾನವಾಗಿ, ಅವನಿಗೂ ತಿಳಿಯುವ ಹಾಗೆ ಜರ್ಮನಿನಲ್ಲೇ ಹೇಳಿದಳು. ಈ ಗಾಳಿ ಮಗುವಿನ ಎದೆಗೆ ಒಳ್ಳೆಯದಲ್ಲ. ಆಗುವುದಿಲ್ಲ. ಜಾಮ್ ಬಾಟಲಿಯನ್ನು ಮೇಜಿನ ಮೇಲೆ ಬಿಟ್ಟು ಹೋದಳು.

"ಬೇರೆ ಮನೆ ನೋಡುವ ಮಾರಾಯ," ಎಂದ ನೆಲ್ಸನ್.

"ಅದರ ಡಿಪಾಸಿಟ್ಟು? ಬ್ರೋಕರ್ ಕಮಿಷನ್ನು? ಟಿಕೆಟ್ಟಿನ ರೊಕ್ಕ ಈ ಗೋಡಿಗೇ ಹೋತು."

"ನೀರಿಂದು ನಾನೇ ಹೇಳಿದ್ದು."

"ನಾನೂ ಇಟ್ಟೀನಲ್ಲೋ ದಿನಾ."

ಸರ್ದಾರ್ ಕಿಟಕಿಯ ಸಂದಿಯಿಂದ ಪೇಪರ್ ಕಿತ್ತ. ಕಿಟಕಿ ತೆರೆದ. ನಂತರ ಹೀಟರಿನ ತಿರುಪನ್ನು ಕೊನೆಯವರೆಗೂ ತಿರುಗಿಸಿದ. ಕೊಳವೆಯೊಳಗೆ ನೀರು ಹರಿಯುವ ಸದ್ದು ಕೇಳಿತು.

ಮಧ್ಯಾಹ್ನ ರಫಿಯಾಳ ಫೋನು ಬಂತು, ಎಂದಿನಂತೆ ಅರ್ಧ ಉರ್ದು, ಅರ್ಧ ಕನ್ನಡ.

"ಸೋಮವಾರ ಕಡೀ ದಿನ ರೀ. ಇಫ್ರಾನ ಸಾಲಿ ಫೀ ಕಟ್ಲೋ ಬ್ಯಾಡೋ? ನೀವು ಇವತ್ತ ಹೇಳ್ತೀನಿ ಅಂದಿದ್ರಿ."

"ಕಟ್ಟು."

"ಪೂರಾ ವರ್ಷದ್ದಾ?"

"ಪೂರಾ ವರ್ಷದ್ದು."

ಆ ಕಡೆ ಕುಕ್ಕರ್ ಕೂಗಿತು.

"ಸಹಿ ಹಾಕಲಿಲ್ಲೇನ್ರಿ ಆಕಿ?"

"ಗೋಡಿ ಹಸಿ ಐತಿ. ಒಣಗಬೇಕು."

"ಒಂದು ಗೋಡಿ ಒಣಗಾಕ ಒಂದು ವರ್ಷ ಬೇಕಾ?"

"ರೊಕ್ಕ ಮತ್ತ ಕೂಡಸಬೇಕಲ್ಲ."

ರಫಿಯಾ ಫೋನನ್ನು ಮಗಳ ಕೈಗೆ ಕೊಟ್ಟಳು.

"ಅಬ್ಬಾ, ಅಲ್ಲಿ ಇನ್ನೂ ಹಿಮ ಐತಾ?"

"ಕರಗೇತಿ."

"ನಾ ಬರೂತನಕಾ ಇಟ್ಟಿರು ಅಂದಿದ್ನಲ್ಲ!"

"ಹೂಂ ಬೇಟಾ," ಎಂದ ಸರ್ದಾರ್.

ಫೋನಿಟ್ಟು ಬಂದಾಗ ನೆಲ್ಸನ್ ಬ್ರೆಡ್ಡಿಗೆ ಜಾಮ್ ಹಚ್ಚುತ್ತಿದ್ದ. ಒಂದು ತುಂಡನ್ನು ಅವನತ್ತ ತಳ್ಳಿದ. ಸರ್ದಾರ್ ತಿಂದ. ಯಾವ ಹಣ್ಣಿನದೆಂದು ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ತೆರೆದ ಕಿಟಕಿಯಿಂದ ಗಾಳಿ ಬಂದು ಹಗ್ಗದ ಮೇಲಿನ ಅಂಗಿಗಳು ಅಲುಗಾಡಿದವು.

"ಕಿಟಕಿ ತೆರೆದಿದೆ, ಹೀಟರೂ ಉಂಟು," ಎಂದ ನೆಲ್ಸನ್. "ಒಂದಾದ್ರೂ ಬಂದ್ ಮಾಡ್ಲಾ?"

"ಇರಲಿ ಬಿಡು."

ಸರ್ದಾರ್ ಹೀಟರಿನ ಮೇಲೆ ಕೈಯಿಟ್ಟ. ಅದು ಆಗಲೇ ಸುಡುತ್ತಿತ್ತು. ಅಂಗೈ ಕೆಂಪಾದ ಮೇಲೆ ತೆಗೆದ.