ಉಸ್ಮಾನ್ ಹಾಜಿಯವರ ಸಂಶಯ

ಯಾರಾದರೂ ಮೃದುವಾಗಿ ಮಾತಾಡಿದರೆ ಸಾಕು, ಉಸ್ಮಾನ್ ಹಾಜಿಯವರ ಬಲಗಣ್ಣು ತಾನಾಗಿ ಅರ್ಧ ಮುಚ್ಚಿಕೊಳ್ಳುತ್ತಿತ್ತು. ಬೈದವರನ್ನು ಅವರು ಕ್ಷಮಿಸಿಯಾರು, ಬೆಣ್ಣೆ ಹಚ್ಚಿದವರನ್ನು ಮಾತ್ರ ಖಂಡಿತ ಇಲ್ಲ. ನಡೆಯುವಾಗಲೂ ಮೈಯನ್ನು ತುಸು ಓರೆ ಮಾಡಿ, ಬೆನ್ನ ಹಿಂದೆ ಯಾರಿದ್ದಾರೆಂಬುದು ಕಣ್ಣಂಚಿಗೆ ಬೀಳುವಂತೆ ಹೆಜ್ಜೆ ಹಾಕುವ ಮನುಷ್ಯ. ಬಂದರಿನ ಗೋದಾಮಿನಲ್ಲಿ ನಲವತ್ತು ವರ್ಷ ಒಣಮೆಣಸಿನ ಸಗಟು ವ್ಯಾಪಾರ ಮಾಡಿದರೂ ಚೀಲದ ಬಾಯಲ್ಲಿ ಕಾಣುವ ಸರಕನ್ನು ಒಂದು ದಿನವೂ ನಂಬದೆ, ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಕೈಯಿಳಿಸಿ, ತಳದ ಮೆಣಸನ್ನೇ ಹೆಕ್ಕಿ ಮೂಸುತ್ತಿದ್ದರು. "ಮೇಲಿನದ್ದು ಎಲ್ಲರದ್ದೂ ಕೆಂಪೇ ಮಾರಾಯ" ಎನ್ನುತ್ತಿದ್ದರು. ಯಾರು ಏನೇ ಹೇಳಲಿ, "ಅದಾಯ್ತು, ಯಾಕೆ?" ಎಂಬುದು ಅವರ ಮರುಮಾತು. ಮಗಳು ಫಾಯಿಝಾಳ ಮದುವೆಯ ಮಾತುಕತೆಯಲ್ಲಿ ವರನ ಕಡೆಯವರು ತಮಗೇನೂ ಬೇಡವೆಂದಾಗಲೂ ಅದನ್ನೇ ಕೇಳಿಬಿಟ್ಟರು. ಮುರಿಯಲಿದ್ದ ಸಂಬಂಧವನ್ನು ನಗುನಗುತ್ತಾ ಉಳಿಸಿದವರು ಹೆಂಡತಿ ಮುನೀರಾ.

ಆ ಮುನೀರಾ ಈಗ ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ಮಲಗಿದ್ದರು. ಪಾರ್ಶ್ವವಾಯು ಬಲಮೈಯನ್ನೂ ಮಾತನ್ನೂ ಕಸಿದಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಗಟ್ಟಿ ಗಂಜಿ ನುಂಗಲೂ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಆಕೆ ಬಾಯಿ ತೆರೆಯುತ್ತಿರಲಿಲ್ಲ. ನಾಳೆಯೊಳಗೆ ತಿನ್ನದಿದ್ದರೆ ಮೂಗಿನಿಂದ ಟ್ಯೂಬ್ ಹಾಕಬೇಕಾಗುತ್ತದೆ ಎಂಬ ಮಾತು ಹಾಜಿಯವರನ್ನು ಹೆದರಿಸಿತ್ತು.

ಇಂಥ ಹೊತ್ತಿನಲ್ಲಿ ನರ್ಸಿಂಗ್ ಕಾಲೇಜಿನ ಪ್ರಭಾ ಮೇಡಂ ಮೂವರು ವಿದ್ಯಾರ್ಥಿನಿಯರನ್ನು ಕರೆತಂದರು. ಅನುಕಂಪದಿಂದ ಶುಶ್ರೂಷೆ ಮಾಡುವುದು ಆ ವಾರದ ಪಾಠವಂತೆ, ಅದಕ್ಕೂ ಮಾರ್ಕಂತೆ. ಹುಡುಗಿಯರು ಸರದಿಯಂತೆ ಮುನೀರಾರ ಕೈ ಹಿಡಿದರು, ಹೆಸರು ಹಿಡಿದು ಮಾತಾಡಿಸಿದರು. ಮೇಡಂ ಮಾರ್ಕಿನ ಪೇಪರಿನಲ್ಲಿ ಗುರುತು ಹಾಕುತ್ತಾ ಹೋದರು. ಮೇಡಂ ಆ ಕಡೆ ತಿರುಗಿದ್ದೇ ತಡ, ಒಬ್ಬಳ ಕೈ ಮುನೀರಾರ ಕೈಯನ್ನು ಬಿಟ್ಟು ಮೊಬೈಲಿಗೆ ಹೋದದ್ದನ್ನು ಹಾಜಿಯವರ ಅರೆಮುಚ್ಚಿದ ಕಣ್ಣು ಹಿಡಿಯದೆ ಬಿಟ್ಟೀತೇ?

"ಮಾರ್ಕಿನ ಪ್ರೀತಿ ನಮಗೆ ಬೇಡ. ಇವಳನ್ನು ಯಾರೂ ಮುಟ್ಟುವುದು ಬೇಡ" ಎಂದರು.

ಹುಡುಗಿಯರ ಎದುರೇ ಮಧ್ಯಾಹ್ನದ ಗಂಜಿಯನ್ನು ಮೂಸಿ ನೋಡಿ, ತಾವೇ ಚಮಚ ಹಿಡಿದರು. ಪ್ರೀತಿಯೇನೋ ಬೆಟ್ಟದಷ್ಟಿತ್ತು, ಅವಸರ ಅದಕ್ಕಿಂತ ದೊಡ್ಡದಿತ್ತು. ಚಮಚ ಹಲ್ಲಿಗೆ ತಾಗಿತು, ಗಂಜಿ ಗಲ್ಲದ ಮೇಲೆ ಹರಿಯಿತು, ಮುನೀರಾ ಮುಖ ತಿರುಗಿಸಿದರು.

ಆ ಸಂಜೆ ಅವರು ಚಾ ಕುಡಿದು ವಾರ್ಡಿಗೆ ಮರಳಿದಾಗ ಪರದೆಯೊಳಗೆ ಹೆಣ್ಣುದನಿ ಕೇಳಿಸಿತು. ಮೂವರಲ್ಲೊಬ್ಬಳಾದ ಶ್ರಾವಣಿ ಗಂಜಿಯ ಬಟ್ಟಲು ಹಿಡಿದು ಹಾಸಿಗೆಯ ಪಕ್ಕ ಕುಳಿತಿದ್ದಳು. ಮೇಡಂ ಇಲ್ಲ, ಪೇಪರೂ ಇಲ್ಲ. ಕಳ್ಳನನ್ನು ಹಿಡಿದ ಉತ್ಸಾಹದಲ್ಲಿ ಹಾಜಿಯವರು ಪರದೆಯ ಈಚೆ ಉಸಿರು ಬಿಗಿಹಿಡಿದು ನಿಂತರು.

"ಆಂಟಿ, ನಾವು ಮುಟ್ಟುವುದು ಬೇಡ ಅಂತ ಅಂಕಲ್ ಹೇಳಿದ್ದಾರೆ. ನಿಮಗೂ ಬೇಡ್ವಾ? ಬೇಡಾಂದ್ರೆ ಕಣ್ಣು ಮುಚ್ಚಿ, ನಾನು ಎದ್ದು ಹೋಗ್ತೇನೆ."

ಇವಳು ಯಾಕೆ ತಿನ್ನುವುದಿಲ್ಲವೆಂದು ಹಾಜಿಯವರು ಡಾಕ್ಟರನ್ನು ಕೇಳಿದ್ದರು, ಸಿಸ್ಟರನ್ನು ಕೇಳಿದ್ದರು, ಗುಡಿಸುವವಳನ್ನೂ ಬಿಡದೆ ಕೇಳಿದ್ದರು. ಮುನೀರಾರನ್ನು ಮಾತ್ರ ಕೇಳಿರಲಿಲ್ಲ. ಮುನೀರಾ ಕಣ್ಣು ಮುಚ್ಚಲಿಲ್ಲ.

"ಅಂಕಲ್ ಜೊತೆ ಇಷ್ಟು ವರ್ಷ ಹೇಗೆ ಸುಧಾರಿಸಿದ್ರಿ ಮಾರಾಯ್ರೆ? ನೀವು ಬಡಿಸಿದ್ದನ್ನೂ ಮೂಸಿಯೇ ತಿನ್ನುವುದಾ?"

ಮುನೀರಾರ ಮುಖದ ಎಡಭಾಗ ನಕ್ಕಿತು. ನಕ್ಕ ಬಾಯೊಳಗೆ ಅರ್ಧ ಚಮಚ ಗಂಜಿ ಹೋಯಿತು. ಹುಡುಗಿ ಆತುರಪಡಲಿಲ್ಲ, ಗಂಟಲು ಅಲುಗಿ, ಗಂಜಿ ಇಳಿದದ್ದನ್ನು ನೋಡಿಯೇ ಮತ್ತೊಂದು ಚಮಚ ಎತ್ತಿದಳು. ಹೀಗೆ ಹನ್ನೊಂದು ಸಲವಾಯಿತು. ಅಷ್ಟರಲ್ಲಿ ಹಾಜಿಯವರು ಪರದೆ ಸರಿಸಿದರು. ಶ್ರಾವಣಿ ಬೆದರಿ ಎದ್ದಳು.

"ಕೂತ್ಕೋ. ಯಜಮಾನ್ತಿಯ ಊಟ ಆಗ್ಲಿಲ್ಲ" ಎಂದರು. ಅಷ್ಟಕ್ಕೆ ಬಿಡುವವರೇ? "ಅದಾಯ್ತು, ಯಾಕೆ? ಅವಳನ್ನೇ ಕೇಳ್ಬೇಕಂತ ಯಾರು ಹೇಳಿಕೊಟ್ಟದ್ದು ನಿನಗೆ?"

"ಪ್ರಭಾ ಮೇಡಂ. ಆ ಪೇಪರಿನಲ್ಲಿಯೇ ಉಂಟು ಅಂಕಲ್, ಮೊದಲನೇ ಸಾಲು."

ಕಣ್ಣೊರೆಸಿಕೊಳ್ಳುವುದಕ್ಕೂ ಹಾಜಿಯವರು ಗೋಡೆಯ ಕಡೆ ತಿರುಗಿದರು.

ಸಂಶಯದ ಜನ ಕಲ್ಲೆದೆಯವರೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಾಗಲ್ಲ, ಅವರಷ್ಟು ಹೆದರಿ ಹೆದರಿ ಪ್ರೀತಿಸುವವರು ವಿರಳ. ತಮ್ಮವರಿಗೆ ಯಾರೂ ಕೇಡು ಮಾಡದಂತೆ ಬಾಗಿಲಲ್ಲಿ ಹಗಲಿರುಳೂ ಕಾವಲು ನಿಲ್ಲುತ್ತಾರೆ. ಮುಖವನ್ನು ಬೀದಿಗೂ ಬೆನ್ನನ್ನು ತಮ್ಮವರಿಗೂ ಮಾಡಿ.