ಒಂದು ಪೂರಕ ಪ್ರಶ್ನೆ

ಹಿಂದಲೆಯ ಕೂದಲು ಮತ್ತೆ ಓರೆಯಾಗಿದೆ, ಎಡಗಡೆ ಜಾಸ್ತಿ, ಬಲಗಡೆ ಕಮ್ಮಿ, ಅಂದರೆ ಡಾಕ್ಟರ ಹೆಂಡತಿ ಇನ್ನೂ ಮನೆಯಲ್ಲೇ ಕತ್ತರಿ ಆಡಿಸುತ್ತಾರೆ ಅಂತಾಯಿತು, ಆರೋಗ್ಯ ಮಂತ್ರಿಯಾದರೂ ಈ ಮನುಷ್ಯನಿಗೆ ಕ್ಷೌರದಂಗಡಿಯ ಕುರ್ಚಿ ಹತ್ತುವ ಯೋಗವಿಲ್ಲ, ವಿಧಾನಸಭೆಯ ಮೂರನೆಯ ಸಾಲಿನಿಂದ ಮೊದಲನೆಯ ಸಾಲಿನ ಆ ಕತ್ತನ್ನು ನೋಡುತ್ತ ಅವಳಿಗೆ ನಗು ಉಕ್ಕಿತು, ತಡೆದುಕೊಂಡಳು, ಒಬ್ಬಳೇ ಹೀಗೆ ನಗುತ್ತ ಕೂತರೆ ನಾಳೆ ಪತ್ರಿಕೆಯಲ್ಲಿ ಅದೇ ಚಿತ್ರ — ಕೈಯಲ್ಲಿನ ಹಾಳೆ ಬೆವರಿಗೆ ಮೆತ್ತಗಾಗಿದೆ, ಪ್ರಶ್ನೆ ಸಂಖ್ಯೆ ಹದಿನಾಲ್ಕು, ಗುಡ್ಡದ ಮೇಲಿನ ಹೆರಿಗೆ ಕೇಂದ್ರ ಮುಚ್ಚಿದರೆ ಅಲ್ಲಿಂದ ದೊಡ್ಡಾಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕು, ಇಷ್ಟೇ, ಆದರೆ ಕೇಳಬೇಕಾದದ್ದು ಈ ಓರೆ ಕೂದಲಿನವರನ್ನು, ಹತ್ತೊಂಬತ್ತು ವರ್ಷ ಅದೇ ಕೇಂದ್ರದಲ್ಲಿ ಅವರ ಪಕ್ಕ ನಿಂತು ಕತ್ತರಿ ಕೊಟ್ಟು, ದಾರ ಕೊಟ್ಟು, ಹುಟ್ಟಿದ ಮಕ್ಕಳ ಬೆನ್ನು ತಟ್ಟಿ ಅಳಿಸಿದ ನರ್ಸು ತಾನು ಈಗ ಶಾಸಕಿಯಾಗಿ ಎದ್ದು ನಿಂತು ಮಾನ್ಯ ಸಚಿವರೇ ಅನ್ನಬೇಕು, ನಾಲಿಗೆ ಡಾಕ್ಟ್ರೇ ಅಂತಲೇ ಹೊರಳುತ್ತದೆ, ಹಿಂದಿನ ಅಧಿವೇಶನದಲ್ಲಿ ಒಮ್ಮೆ ಹಾಗೇ ಅಂದುಬಿಟ್ಟಾಗ ಇಡೀ ಸದನ ಗೊಳ್ಳೆಂದಿತ್ತು, ಅವರು ಮಾತ್ರ ತಿರುಗಿ, ಏನು ಸಿಸ್ಟರ್, ಅಂದಿದ್ದರು.

ಮೇಲೆ ಗ್ಯಾಲರಿಯಲ್ಲಿ ಗಂಡ, ಇಸ್ತ್ರಿ ಅಂಗಿ ತೊಟ್ಟು ಶಾಲೆಗೆ ಸೇರಿಸಿದ ಮಗುವಿನ ಹಾಗೆ ಕೂತಿದ್ದಾನೆ, ಬಾಗಿಲಲ್ಲೇ ಕಾವಲಿನವರು ಕಾಲ ಮೇಲೆ ಕಾಲು ಹಾಕಬಾರದು, ಚಪ್ಪಾಳೆ ತಟ್ಟಬಾರದು ಅಂದರಂತೆ, ಮತ್ತೆ ಉಸಿರಾಡ್ಬಹುದಾ ಸಾರ್ ಅಂತ ಕೇಳಿಯೇ ಒಳಗೆ ಬಂದವನು ಇವನು, ಇಪ್ಪತ್ತೆರಡು ವರ್ಷದಿಂದ ಆಂಬುಲೆನ್ಸ್ ಓಡಿಸುತ್ತಾನೆ, ಆ ಗುಡ್ಡದ ದಾರಿಯ ಒಂದೊಂದು ಹಳ್ಳವೂ ಅವನಿಗೆ ನೆಂಟ, ಪ್ರಶ್ನೆ ಬರೆಯುವ ದಿನ ಅಡುಗೆಮನೆ ಕಟ್ಟೆಗೆ ಒರಗಿ ಅವನೇ ಹೇಳಿದ್ದು, ಅದೃಷ್ಟ ಇದ್ರೆ ಒಂದೂ ಮುಕ್ಕಾಲು ಗಂಟೆ ಕಣೇ, ರೈಲ್ವೆ ಗೇಟ್ ಹಾಕಿದ್ರೆ ಎರಡೂಕಾಲು, ಬೇಕಾದ್ರೆ ಬರ್ಕೋ, ಬರೆದುಕೊಂಡಳು, ಆದರೆ ಸರಕಾರ ಕೊಟ್ಟ ಲಿಖಿತ ಉತ್ತರದಲ್ಲಿ ಐವತ್ತು ನಿಮಿಷ, ಯಾರೋ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಹುಟ್ಟಿಸಿದ ಐವತ್ತು ನಿಮಿಷ, ಅದರ ಕೆಳಗೆ ಡಾಕ್ಟರ ಸಹಿ, ಔಷಧಿ ಚೀಟಿಯಲ್ಲಿ ಸಾವಿರ ಸಲ ಓದಿದ ಅದೇ ಇರುವೆ ಸಾಲಿನಂಥ ಸಹಿ — ಹದಿನಾಲ್ಕು ಅಂದರು ಸಭಾಧ್ಯಕ್ಷರು, ಎದ್ದಳು.

ಮಾನ್ಯ ಸಭಾಧ್ಯಕ್ಷರೇ, ಉತ್ತರ ಒದಗಿಸಿದ್ದೇನೆ, ಅಂದರು ಡಾಕ್ಟರು ತಲೆಯೆತ್ತದೆ, ಪೂರಕ ಪ್ರಶ್ನೆ ಇದ್ದರೆ ಕೇಳಿ ಅಂದರು ಸಭಾಧ್ಯಕ್ಷರು, ಇದೆ, ಇದೆ, ಅದಕ್ಕೇ ತಾನೆ ಮೂರು ದಿನದಿಂದ ಅನ್ನ ಸೇರದೆ ಇರುವುದು, ಕೇಳು ಅಂತ ಹೇಳಿಕೊಟ್ಟವರೇ ಡಾಕ್ಟರು, ಗುಡ್ಡದ ಕೇಂದ್ರದಲ್ಲಿದ್ದಾಗ ಒಂದು ಬೆಳಗ್ಗೆ ಹತ್ತು ಗಂಟೆಗೆ ಹೆರಿಗೆ ಕೋಣೆಯಲ್ಲಿ ಮಗು ಹೊರಗೆ ಬಂದು ಕಿರುಚುತ್ತಿತ್ತು, ಡಾಕ್ಟರು ರಾತ್ರಿಯಿಂದ ಮೂರನೆಯ ಹೆರಿಗೆ ಮಾಡಿಸಿದ ಸುಸ್ತಿನಲ್ಲಿ ಗರ್ಭಕೋಶ ಬಿಗಿಯುವ ಸೂಜಿ ಎತ್ತಿಕೊಂಡಿದ್ದರು, ಅವಳು ತಾಯಿಯ ಹೊಟ್ಟೆಯ ಮೇಲೆ ಕೈಯಿಟ್ಟವಳು ಅವರ ಮಣಿಕಟ್ಟು ಹಿಡಿದುಬಿಟ್ಟಿದ್ದಳು, ಡಾಕ್ಟ್ರೇ ತಡೀರಿ, ಒಳಗಡೆ ಇನ್ನೊಂದಿದೆ ಅನ್ಸುತ್ತೆ, ಇತ್ತು, ಅಡ್ಡ ತಿರುಗಿಕೊಂಡು ಇತ್ತು, ಸೂಜಿ ಹೋಗಿದ್ದರೆ ಆ ಮಗು ಒಳಗೇ ಹಿಸುಕಿ ಹೋಗುತ್ತಿತ್ತು, ಆಮೇಲೆ ಡಾಕ್ಟರು ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಕೈ ನೋಡಿಕೊಂಡು, ಸಿಸ್ಟರ್, ಇನ್ಮೇಲೆ ನಾನು ತಪ್ಪಿದ್ರೆ ಕೇಳು, ಎಲ್ಲರೆದುರಿಗೇ ಕೇಳು, ನಾನು ಮುಖ ಊದಿಸ್ಕೊಂಡ್ರೂ ಕೇಳು, ಅಂದಿದ್ದರು, ಎರಡು ದಿನ ಮುಖ ಊದಿಸಿಕೊಂಡೂ ಇದ್ದರು ಅನ್ನಿ — ಸಭಾಧ್ಯಕ್ಷರೇ, ಅವಳ ದನಿ ಮೈಕಿನಲ್ಲಿ ಗೀರುಗೀರಾಗಿ ಕೇಳಿಸಿತು, ಈ ಐವತ್ತು ನಿಮಿಷದ ದಾರಿಯಲ್ಲಿ ನೋವು ತಿನ್ನುತ್ತಿರುವ ಹೆಂಗಸನ್ನು ಮಲಗಿಸಿಕೊಂಡು ಇಲಾಖೆಯವರು ಯಾರಾದರೂ ಒಮ್ಮೆ ಹೋಗಿ ನೋಡಿದ್ದಾರೆಯೇ, ಹೋಗಿದ್ದರೆ ಎಷ್ಟು ಹೊತ್ತಾಯಿತು.

ಡಾಕ್ಟರು ಕಡತದ ಹಾಳೆ ತಿರುವಿದರು, ಅಧಿಕಾರಿಗಳ ಕಡೆಯಿಂದ ಒಂದು ಚೀಟಿ ಬಂತು, ಓದಿದರು, ಮಡಚಿದರು, ವಿರೋಧ ಪಕ್ಷದವರು ಹೇಳಿ ಹೇಳಿ ಅಂತ ಮೇಜು ಬಡಿಯತೊಡಗಿದರು, ಅಯ್ಯೋ ಸುಮ್ಮನಿರ್ರಪ್ಪಾ, ಅವರಿಗೆ ಗದ್ದಲ ಆದರೆ ತಲೆನೋವು ಬರುತ್ತೆ, ಅಂತ ಅವಳ ಹೊಟ್ಟೆಯೊಳಗೇ ಯಾರೋ ಗದರಿದರು, ಆಗ ಅವರು ಕಡತ ಮುಚ್ಚಿ, ಸಭಾಧ್ಯಕ್ಷರೇ, ಉತ್ತರ ತಪ್ಪಿದೆ, ಆ ದಾರಿಯಲ್ಲಿ ನಾನೇ ಓಡಾಡಿದ್ದೇನೆ, ಐವತ್ತು ನಿಮಿಷಕ್ಕೆ ಅರ್ಧ ಗುಡ್ಡವೂ ಇಳಿಯೋದಿಲ್ಲ, ಅಂದುಬಿಟ್ಟರು, ಮುಖ್ಯಮಂತ್ರಿ ಸರಕ್ಕನೆ ತಿರುಗಿದರು, ಮೇಲೆ ಗಂಡ ಚಪ್ಪಾಳೆಗೆ ಎತ್ತಿದ ಕೈಯನ್ನು ಹಾಗೇ ತಲೆ ಕೆರೆಯಲು ತಿರುಗಿಸಿದ, ದಾರಿ ಸರಿಹೋಗುವವರೆಗೆ ಗುಡ್ಡದ ಕೇಂದ್ರಕ್ಕೆ ಬೀಗ ಹಾಕುವುದಿಲ್ಲ, ಇದು ನನ್ನ ಭರವಸೆ, ಕಡತಕ್ಕೆ ಹೋಗಲಿ, ಅಂದರು ಡಾಕ್ಟರು, ಕೂತರು, ಅವಳೂ ಕೂತಳು, ಕೂತ ಮೇಲೆ ಹೊಳೆಯಿತು, ಮಧ್ಯಾಹ್ನ ಮತಕ್ಕೆ ಬರುವ ಮಸೂದೆಯಲ್ಲಿ ಮುಚ್ಚುವ ಕೇಂದ್ರಗಳು ಹನ್ನೊಂದು, ಅವಳದ್ದು ಉಳಿಯಿತು, ಮಿಕ್ಕ ಹತ್ತಕ್ಕೆ ಬೀಗ.

ಊಟದ ಬಿಡುವಿನಲ್ಲಿ ಅವಳದೇ ಆಳುವ ಪಕ್ಷದ ಸಚೇತಕರು ಹುಡುಕಿಕೊಂಡು ಬಂದರು, ಯಾವಾಗಲೂ ಓಡುತ್ತಲೇ ಇರುವ, ಎಲ್ಲರೂ ಗಂಟೆ ಅಂತ ಕರೆಯುವ ಮನುಷ್ಯ, ಅಕ್ಕಾ, ನಿಮ್ಮೂರಿನ ಕೆಲಸ ಆಯ್ತಲ್ಲ, ಮಸೂದೆಗೆ ಹಸಿರು ಗುಂಡಿ ಒತ್ತಿ ಆರಾಮಾಗಿ ಮನೆಗೆ ಹೋಗಿ, ಎಲ್ಲರೂ ಹಸಿರೇ ಒತ್ತಬೇಕು ಅಂತ ವಿಪ್ ಕೊಟ್ಟಿದೀವಿ, ಕೆಂಪು ಒತ್ತಿದ್ರೆ ಸದಸ್ಯತ್ವಕ್ಕೇ ಕುತ್ತು ಬರುತ್ತೆ, ಆಮೇಲೆ ನನ್ನ ಬೈಬೇಡಿ, ಅಂದರು, ಪಾಪ, ಅವರ ಹೆಂಡತಿಯ ಹೆರಿಗೆಯನ್ನೂ ಅವಳೇ ಮಾಡಿಸಿದ್ದು, ಆ ಸಲುಗೆಗೇ ಇಷ್ಟು ಮೆತ್ತಗೆ ಹೇಳಿದರು, ಕಿಟಕಿಯ ಹತ್ತಿರ ಡಾಕ್ಟರು ಒಬ್ಬರೇ ನಿಂತಿದ್ದರು, ಸಿಸ್ಟರ್ ಊಟ ಆಯ್ತಾ, ಆಯ್ತು ಅಂತ ಸುಳ್ಳು ಹೇಳಿದಳು, ಡಾಕ್ಟ್ರೇ, ಆ ಹತ್ತು ಊರಿನ ದಾರೀನೂ ಹಂಗೇ ಅಲ್ವಾ, ಅವರು ಕಿಟಕಿಯ ಗಾಜು ಒರೆಸಿದರು, ರಕ್ತ ಇಲ್ದೆ ನಮ್ಮ ಕೈಯಲ್ಲೇ ಹೋದ್ಳಲ್ಲ ಆ ಹುಡುಗಿ, ಮರ್ತಿದ್ದೀಯಾ, ದೊಡ್ಡಾಸ್ಪತ್ರೇಲಿ ಆಗಿದ್ರೆ ಬದುಕ್ತಿದ್ಳು, ಅದಕ್ಕೇ ಈ ಮಸೂದೆ, ಮರೆಯುವುದು ಹೇಗೆ, ಆ ಹುಡುಗಿಯ ಕಾಲ್ಗೆಜ್ಜೆ ಬಿಚ್ಚಿ ತಾಯಿಯ ಕೈಗೆ ಇಟ್ಟವಳು ತಾನೇ, ದಾರಿಯಲ್ಲೇ ಜೀವ ಹೋದವರನ್ನು ಆಂಬುಲೆನ್ಸಿನಿಂದ ಇಳಿಸಿಕೊಂಡವಳೂ ತಾನೇ, ದಾರಿ ಮೊದ್ಲು ಆಗ್ಲಿ ಡಾಕ್ಟ್ರೇ, ಬೀಗ ಆಮೇಲೆ, ಅಂದಳು, ಸಂಪುಟದ ತೀರ್ಮಾನ ಸಿಸ್ಟರ್, ನಾನು ಮೀರೋಕಾಗಲ್ಲ, ಮತ್ತೆ ನಾನೇನು ಮಾಡ್ಲಿ ಹೇಳಿ, ಅವರು ಕಿಟಕಿಯಿಂದ ಇತ್ತ ತಿರುಗಿ, ಏನು ಬೇಕಾದ್ರೂ ಕೇಳು, ಯಾವ ಗುಂಡಿ ಒತ್ಲಿ ಅಂತ ಮಾತ್ರ ನನ್ನ ಕೇಳ್ಬೇಡ, ಅಂದರು, ಹೋಗುವ ಮುಂಚೆ ಜೇಬಿನಿಂದ ಎರಡು ಬಿಸ್ಕತ್ತು ತೆಗೆದು ಅವಳ ಕೈಗಿಟ್ಟರು, ಸುಳ್ಳು ಹಿಡಿದುಬಿಟ್ಟಿದ್ದರು.

ಮತದಾನದ ಗಂಟೆ ಹೊಡೆಯುತ್ತಿದೆ, ಬಾಗಿಲು ಮುಚ್ಚಿದರು, ಮೇಜಿನ ಮೇಲೆ ಎರಡು ಗುಂಡಿ, ಹಸಿರು ಹೌದಿಗೆ, ಕೆಂಪು ಇಲ್ಲಕ್ಕೆ, ಹತ್ತು ಸೆಕೆಂಡು, ಹತ್ತು ಊರು, ಒಂದರಲ್ಲಿ ಕೆರೆ ಏರಿ ಒಡೆದು ದಾರಿ ಅರ್ಧ ವರ್ಷ ಇರುವುದೇ ಇಲ್ಲ, ಒಂದರಲ್ಲಿ ಬಸ್ಸೇ ಇಲ್ಲ, ಆ ಊರುಗಳ ಸದಸ್ಯರು ಪಕ್ಕದಲ್ಲೇ ಕೂತಿದ್ದಾರೆ, ಅವರಲ್ಲೊಬ್ಬ ಅಣ್ಣ ಆಗಲೇ ಹಸಿರು ಒತ್ತಿ ಕಣ್ಣುಜ್ಜುತ್ತಿದ್ದಾನೆ, ಅವನ ಮೇಲೂ ಸಿಟ್ಟು ಬರುತ್ತಿಲ್ಲ, ಮಗಳ ಮದುವೆ ಮುಂದಿದೆ, ಮೊದಲನೆಯ ಸಲ ಗೆದ್ದವನು, ಏಳು ಸೆಕೆಂಡು, ಡಾಕ್ಟರ ಬಿಸ್ಕತ್ತಿನ ಪುಡಿ ಇನ್ನೂ ಕೈಯಲ್ಲಿ, ಅವರಿಗೆ ನೋವಾಗುತ್ತದೆ, ಆಗಲಿ, ಅವರೇ, ಅವರೇ ತಾನೆ ಕೇಳು ಅಂದದ್ದು, ಮೂರು ಸೆಕೆಂಡು, ಅವಳು ಒತ್ತಿದಳು, ಕೆಂಪು, ಗುಂಡಿ ಒಳಗೆ ಹೋದದ್ದು ಎಷ್ಟು ಮೆತ್ತಗೆ ಅಂದರೆ ಒತ್ತಿದೆನೋ ಇಲ್ಲವೋ ಅಂತ ಮತ್ತೊಮ್ಮೆ ಒತ್ತಿದಳು.

ಗೋಡೆಯ ದೊಡ್ಡ ಫಲಕ ಬೆಳಗಿತು, ಎಪ್ಪತ್ತೊಂದು ಹೌದು, ಅರವತ್ತನಾಲ್ಕು ಇಲ್ಲ, ಮಸೂದೆ ಅಂಗೀಕಾರವಾಯಿತು, ಆಳುವ ಪಕ್ಷದ ಹಸಿರಿನ ನಡುವೆ ಒಂದೇ ಒಂದು ಕೆಂಪು, ಮುಂದಿನ ಸಾಲಿನಲ್ಲಿ ಡಾಕ್ಟರು ಕನ್ನಡಕ ಹಣೆಗೇರಿಸಿ ಫಲಕದ ಕಡೆ ಬೆರಳೆತ್ತಿದರು, ಸಾಲು ಸಾಲಾಗಿ ಆಸನಗಳನ್ನು ಎಣಿಸುತ್ತ ಬಂದರು, ಬೆರಳು ಕೆಂಪಿನ ಮೇಲೆ ನಿಂತಿತು, ಅದ್ಯಾರ್ದು ಅಂತ ಪಕ್ಕದ ಮಂತ್ರಿ ಬಗ್ಗಿ ಕೇಳಿದರು, ಮೈಕು ಆರಿಸಿರಲಿಲ್ಲ, ಇಡೀ ಸದನಕ್ಕೆ ಕೇಳುವಂತೆ, ನಮ್ಮ ಸಿಸ್ಟರ್ದು, ಅಂದರು ಡಾಕ್ಟರು, ಮಗಳ ಅಂಕಪಟ್ಟಿ ತೋರಿಸುವ ದನಿಯಲ್ಲಿ, ಬೆರಳು ಇಳಿಸಲಿಲ್ಲ — ಮೊಗಸಾಲೆಯಲ್ಲಿ ಸಚೇತಕರು ಏನೋ ಹೇಳುತ್ತಿದ್ದಾರೆ, ನೋಟಿಸು ಬರುತ್ತೆ ಅಕ್ಕಾ, ಏಳು ದಿನದಲ್ಲಿ ಉತ್ತರ ಕೊಡಿ, ಹೂಂ ಅಂದಳು, ಕಣ್ಣೆದುರು ಆ ಬೆರಳು, ಗಂಡ ಮೆಟ್ಟಿಲಿಳಿದು ಬಂದು ಅವಳ ಚೀಲ ತಗೊಂಡ, ಸೀಟು ಹೋದ್ರೆ ಹೋಗ್ಲಿ ಬಿಡೇ, ನನ್ನ ಗಾಡೀಲಿ ಮುಂದಿನ ಸೀಟು ಖಾಲಿ ಇದೆ, ನಕ್ಕಳು, ಅಳುವೂ ಬಂತು, ಹತ್ತು ಊರಿಗೂ ನಾಳೆಯಿಂದಲೇ ಹೋಗಬೇಕು, ಒಂದೊಂದು ದಾರಿಯನ್ನೂ ಗಡಿಯಾರ ಹಿಡಿದು ಅಳೆಯಬೇಕು, ಯಾರ್ಯಾರನ್ನು ಮೊದಲು ಕಾಣುವುದು, ಯಾವ ಊರು ಮೊದಲು, ಬೆರಳು, ಗಂಡ ಏನೋ ಕೇಳಿದ, ಕೇಳಿಸಲಿಲ್ಲ, ಆ ಬೆರಳು, ಸ್ವಲ್ಪವೂ ನಡುಗದೆ, ಕೆಂಪಿನ ಮೇಲೆ