ತೊಳೆದ ಕಲ್ಲು

ಹೇಳಿಬಿಡಲೇ? ಹೇಳಿದರೆ ಇವಳ ಮುಖ ಏನಾದೀತು? ಹೇಳದಿದ್ದರೆ, ನಾಲ್ಕು ಗಂಟೆಗೆ ಬರುವ ಮ್ಯೂಸಿಯಂ ಅಧಿಕಾರಿಗೆ ಏನನ್ನು ತೋರಿಸಲಿ?

ಕನ್ನಡಕದ ಅಂಗಡಿಯವನು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದ. ಅಧಿಕಾರಿಗೆ ತೋರಿಸಬೇಕಿದ್ದ ಕಲ್ಲನ್ನು ಹೆಂಡತಿ ತೊಳೆದು ಟವೆಲ್ಲಿನ ಮೇಲೆ ಒಣಗಲಿಟ್ಟಿದ್ದಳು. ಬೆಳಿಗ್ಗೆ ಅವನು ಅಂಗಡಿಗೆ ಹೊರಟಾಗ ಅದರ ಮೈತುಂಬ ಅರಗೊನೈಟ್ ಎಂಬ ಅಪರೂಪದ ಹರಳು, ಎಳೆ ಎಳೆಯಾದ ಬಿಳಿ ಕೊಂಬೆಗಳಂತೆ ಹಬ್ಬಿತ್ತು. ಈಗ ಉಳಿದಿದ್ದು ಬೋಳು ಕಂದು ಕಲ್ಲು.

“ಕೆಟಲಿನೊಳಗೆ ಕಟ್ಟುತ್ತಲ್ಲ, ಅದೇ ಥರ ಸುಣ್ಣ ಕಟ್ಟಿತ್ತು ನೋಡ್ರೀ. ಬಾಟ್ಲಿಗಟ್ಟಲೆ ವಿನೆಗರ್ ಸುರಿದೆ. ಬುಸುಬುಸು ನೊರೆ ಬಂದು ಎಲ್ಲಾ ಬಿಟ್ಕೊಳ್ತು. ಬರೋರ ಮುಂದೆ ಕೊಳಕು ಕಲ್ಲು ಇಡೋಕಾಗುತ್ತಾ? ಅಂತೂ ನಿಮ್ಮ ಕಲ್ಲಿನ ಕೆಲಸದಲ್ಲಿ ನನ್ನದೂ ಒಂದು ಕೈ ಬಿತ್ತು!”

ಇಪ್ಪತ್ತು ವರ್ಷ, ಭಾನುವಾರ ಬಂತೆಂದರೆ ಅವನು ಕಲ್ಲು ಹುಡುಕುತ್ತ ಒಬ್ಬನೇ ಪಾಳು ಗಣಿಗಳಿಗೆ ಇಳಿಯುತ್ತಿದ್ದ. ಅವಳು ಒಬ್ಬಳೇ ಮನೆಯಲ್ಲಿರುತ್ತಿದ್ದಳು. ಕಲ್ಲಿನ ಕಪಾಟಿನ ಬೀಗದಕೈಯನ್ನು ಅವಳ ಕೈಗೆ ಕೊಟ್ಟದ್ದು ನಿನ್ನೆಯೇ ಮೊದಲು, ಧೂಳು ಒರೆಸಲೆಂದು. ಈ ಕಲ್ಲು ಸಿಕ್ಕ ಗಣಿಯಲ್ಲಿ ಈಗ ಬಾಯಿಯವರೆಗೂ ನೀರು. ಇನ್ನೊಂದು ಸಿಗುವ ಮಾತೇ ಇಲ್ಲ.

“ಚೆನ್ನಾಗಿಲ್ವಾ?”

“ಚೆನ್ನಾಗಿದೆ ಕಣೇ. ಥಳಥಳ ಅಂತಿದೆ.”

ಅಧಿಕಾರಿ ನಾಲ್ಕಕ್ಕೆ ಸರಿಯಾಗಿ ಬಂದರು. ಹೆಂಡತಿ ಚಹಾ ತಂದು ಅಲ್ಲೇ ನಿಂತಳು. ಅವರು ಕಲ್ಲನ್ನು ಒಮ್ಮೆ ತಿರುಗಿಸಿ, ಹುಬ್ಬೇರಿಸಿ, ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರುಮಾಡಿದ.

“ತಪ್ಪಾಯ್ತು ಸಾರ್. ಮೇಲಿದ್ದದ್ದು ಬರೀ ಸುಣ್ಣ. ನಾನೇ ಅಪರೂಪದ ಹರಳು ಅಂದ್ಕೊಂಡು ನಿಮಗೆ ಕಾಗದ ಬರೆದುಬಿಟ್ಟೆ.”

“ಒಂದಲ್ಲ, ಮೂರು ಕಾಗದ!” ಅಧಿಕಾರಿ ಚಹಾ ಮುಟ್ಟದೆ ಎದ್ದರು. “ಊರಿಗೆಲ್ಲ ಕನ್ನಡಕ ಕೊಡ್ತೀರಿ. ನಿಮಗೂ ಒಂದು ಮಾಡ್ಕೊಳ್ಳಿ ಸ್ವಾಮಿ. ಇನ್ಮೇಲೆ ಬರೆಯೋ ತೊಂದರೆ ತಗೋಬೇಡಿ.”

ಬಾಗಿಲು ಹಾಕಿ ಬಂದ ಹೆಂಡತಿಗೆ ನಗು ತಡೆಯಲಾಗಲಿಲ್ಲ. “ಇಪ್ಪತ್ತು ವರ್ಷ ಗುಡ್ಡ ಅಗೆದು ಇಲಿ ಹಿಡಿದ್ರಿ! ನಾನು ತೊಳೀದೇ ಇದ್ದಿದ್ರೆ ಅದು ಇಲಿ ಅಂತಲೂ ಗೊತ್ತಾಗ್ತಿರಲಿಲ್ಲ.”

ಅವನೂ ನಕ್ಕ. ಆಮೇಲೆ ಕಲ್ಲನ್ನು ಕಪಾಟಿನ ಅದೇ ಜಾಗದಲ್ಲಿ, ಅದೇ ಹೆಸರಿನ ಚೀಟಿಯ ಹಿಂದೆ ಇಟ್ಟ. ಬೀಗ ಹಾಕಲು ಹೋದ ಕೈ ಅರ್ಧಕ್ಕೇ ನಿಂತಿತು. ಬೀಗದಕೈಯನ್ನು ಅಡುಗೆಮನೆಯಲ್ಲಿ ಅವಳ ಡಬ್ಬಿಗಳ ಪಕ್ಕ ಇಟ್ಟು ಬಂದ. ಅಲ್ಲಿಂದಾಚೆ ಅವಳು ಆ ಕಲ್ಲನ್ನು ಆಗಾಗ ಒರೆಸುತ್ತಿದ್ದಳು, ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು.

ವಿನೆಗರಿನಲ್ಲಿ ಕರಗಿಹೋದದ್ದೇ ಆ ಹರಳು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.